"ಪಾಪ" ಅನ್ನೋದು ಬಿಡ್ರಿ, ಕೈಯಾಗ ರೊಕ್ಕ ಕೊಡ್ರಿ

ನಮ್ಮ ನಾದಿನಿಗೆ ಈಗ 31 ವರ್ಷ. ಬುದ್ಧಿ ಸ್ವಲ್ಪ ನಿಧಾನ. ರೊಟ್ಟಿ ಬಡೀತಾಳ, ಎಮ್ಮಿ ಹಿಂಡತಾಳ. ಲೆಕ್ಕ, ಓದು ಅಷ್ಟ ಬರೂದಿಲ್ಲ. ಆದ್ರ ಹ್ವಾದ ವರ್ಷದ ತನಕಾ ಅಕಿ ಒಬ್ಬಾಕಿನ ಅಂಗಡಿಗೆ ಹೋದಾಕೆಲ್ಲ. ಯಾಕಂದ್ರ ನಾವು ಬಿಟ್ಟಿದ್ದಿಲ್ಲ. "ಪಾಪ, ಅಕಿಗೇನ್ ತಿಳೀತೈತಿ" ಅಂತ ನಾನೂ ಅಂದಾಕಿನ.

ಅತ್ತಿ ಹಾಸಿಗಿ ಹಿಡದಾಗ ಒಂದ ರಾತ್ರಿ ನನ್ನ ಕೈ ಹಿಡಕೊಂಡು, "ನಾ ಹೋದ ಮ್ಯಾಲೆ ಇಕಿ ಯಾರ ಬಾಗಲಾಗ ನಿಲ್ಲಬೇಕವಾ?" ಅಂದ್ರು. ಅವತ್ತ ನನಗ ನಿದ್ದಿ ಹತ್ತಲಿಲ್ಲ.

ಮರುದಿನನ ಸುರು ಮಾಡಿದ್ವಿ. ಅಂಕಿ ಬ್ಯಾಡ, ಬಣ್ಣ ನೋಡು ಅಂದೆ. ಹೊಸಾ ನೋಟಿನಾಗ 50 ನೀಲಿ, 100 ತಿಳಿ ನೇರಳಿ, 200 ಹಳದಿ, 500 ಬೂದಿ ಬಣ್ಣ. ಮೊದಲ ಅಂಗಡಿಗೆ ಜೋಡಿ ಹೋದೆ, ಆಮ್ಯಾಲೆ ಹೊರಗ ನಿಂತೆ, ಆಮ್ಯಾಲೆ ನಮ್ಮ ಕಟ್ಟಿ ಮ್ಯಾಲೆ ಕುಂತೆ. ಬಸ್ಸಿಂದು ಇನ್ನೂ ಸಸಾರ ಆತು. 2023ರ ಜೂನ್‌ದಿಂದ ಹೆಣ್ಣಮಕ್ಕಳಿಗೆ ಸರಕಾರಿ ಬಸ್ಸಿನಾಗ ರೊಕ್ಕಿಲ್ಲಲ್ಲ, ಚಿಲ್ಲರೆ ಎಣಿಸೂ ಅಂಜಿಕಿ ಹ್ವಾತು. ಆಧಾರ್ ತೋರಿಸಿ "ಹಾನಗಲ್ಲ" ಅಂದ್ರ ಆತು.

ಒಂದ ಸಲ ನಡುವ ಬ್ಯಾರೆ ಊರಾಗ ಇಳದ್ಲು. ಅತ್ಲು. ಆದ್ರ ಚೀಟಿ ತಗದು ಒಬ್ಬಾಕಿ ಅಜ್ಜಿಗೆ ತೋರಿಸಿ ನನಗ ಫೋನ್ ಮಾಡಿಸಿದ್ಲು. ಓಣಿ ಮಂದಿ ನನಗ ಬೈದ್ರು. ಅಲ್ರಿ ಅಕ್ಕಾರ, ನೀವು ಎಂದೂ ತಪ್ಪು ಬಸ್ ಹತ್ತಿಲ್ಲೇನು? ಅಷ್ಟಕ್ಕ ನಿಮ್ಮನ್ನ ಮನಿಯಾಗ ಕೂಡಿ ಹಾಕಿದ್ರೇನು?

ಇನ್ನೊಂದ ಮಾತು, ಸಿಟ್ಟು ಮಾಡಕೋಬ್ಯಾಡ್ರಿ. "ಕೈಯಾಗ ಐವತ್ತ ರೂಪಾಯಿ ಕೊಡಬ್ಯಾಡ, ಅಕಿಗೆ ತಿಳಿಯಂಗಿಲ್ಲ" ಅಂದ ಮಂದೀನ, ಹೊಲದ ಹಕ್ಕು ಬಿಟ್ಟ ಕೊಡೂ ಪತ್ರ ಬಂದಾಗ "ಹೆಬ್ಬಟ್ಟು ಒತ್ತಲಿ ತಗೋ, ತಿಳೀತೈತಿ ಅಕಿಗೆ" ಅಂದ್ರು. ಎಂಥಾ ತಿಳುವಳಿಕಿ ಇದು!

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಇಂಥವರಿಗೂ ಎಲ್ಲಾರಂಗ ಆಸ್ತಿ ಪಡಿಯೂ, ತಮ್ಮ ರೊಕ್ಕ ತಾವ ನೋಡಕೊಳ್ಳೂ ಹಕ್ಕೈತಿ. ಜೋಡಿ ಕುಂತು ತಿಳಿಸಿ ಹೇಳಾವರಿಗೆ ಆ ವ್ಯವಹಾರದಾಗ ತಮ್ಮ ಸ್ವಂತ ಲಾಭ ಇದ್ರ, ಅವರು ದೂರ ಸರೀಬೇಕು. ಇದು ನನ್ನ ಗಂಡಗೂ ಕೂಡತೈತಿ, ನನಗೂ ಕೂಡತೈತಿ. ಅದಕ್ಕ ಆ ಪತ್ರ ನಾನ ವಾಪಸ್ ಕಳಿಸಿದೆ. ಮನಿಯಾಗ ಎಂಟ ದಿನ ಮಾತಿಲ್ಲ, ಇರ್ಲಿ.

ಅಕಿಗೆ ನಮ್ಮ ಮನಿ ಬಾಗಲ ಎಂದೂ ತೆರದ ಇರತೈತಿ. ಆದ್ರ ತನ್ನ ಖೋಲಿಗೆ ತನ್ನ ಕೀಲಿ, ತನ್ನ ಒಲಿ, ತನ್ನ ಹೆಸರಿನ ಬ್ಯಾಂಕ್ ಪುಸ್ತಕ ಇರಬೇಕು. ನಿಮ್ಮ ಮನಿಯಾಗೂ ಇಂಥಾ ಮಗಳೋ ತಂಗಿನೋ ಇದ್ರ, ಹಡದಾಕಿ ಕಣ್ಣ ಮುಂದ ಇರೂವಾಗನ ಕಲಸ್ರಿ. ಆಮ್ಯಾಲೆ ಕಲಸಾಕ ಯಾರಿಗೂ ತಾಳ್ಮಿ ಇರಂಗಿಲ್ಲ.