ಎರಡು ದಿನ, ಒಂದೇ ದ್ವೀಪ

ನವದಂಪತಿಗಳಿಗೆ ಎರಡು ದಿನದ ರಜೆ ದೊರೆತರೆ ಅವರು ನಾಲ್ಕು ಊರು ಸುತ್ತಬಾರದು, ಒಂದೇ ಊರಿನಲ್ಲಿ ತಂಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇದನ್ನು ಬರೆಯಲು ಕಾರಣವಿದೆ. ಪ್ಯಾರಿಸ್ಸಿನಲ್ಲಿ ಉದ್ಯೋಗದಲ್ಲಿರುವ ನನ್ನ ಅಣ್ಣನ ಮಗಳೂ ನಮ್ಮ ಅಳಿಯಂದಿರೂ ಮುಂದಿನ ವಾರಾಂತ್ಯಕ್ಕೆ ನಾರ್ಮಂಡಿ ಕರಾವಳಿಯ ಮೋಂ-ಸ್ಯಾಂ-ಮಿಶೆಲ್ ಎಂಬ ದ್ವೀಪಕ್ಕೆ ಹೊರಟಿದ್ದಾರೆ. ಮದುವೆಯಾಗಿ ಮೂರು ತಿಂಗಳು. ಅವಳದು ಹಗಲಿನ ಕೆಲಸ, ಅವರದು ಬಹುಪಾಲು ರಾತ್ರಿ ಪಾಳಿ. ಒಂದೇ ಮನೆಯಲ್ಲಿದ್ದೂ ಜೊತೆಗೆ ಕುಳಿತು ಉಂಡ ದಿನಗಳನ್ನು ಬೆರಳಿನಲ್ಲಿ ಎಣಿಸಬಹುದಂತೆ. ಆದರೆ ಮನೆಯ ಹಿರಿಯರ ವಾದವೇ ಬೇರೆ. "360 ಕಿಲೋಮೀಟರ್ ಹೋಗಿ ಒಂದು ಇಗರ್ಜಿ ನೋಡಿಕೊಂಡು ಬರುವುದೇ? ದಾರಿಯಲ್ಲಿ ಇನ್ನೂ ಮೂರು ಊರು ಸೇರಿಸಿಕೊಳ್ಳಲಿ" ಎನ್ನುತ್ತಾರೆ. ಖರ್ಚಿನ ಚಿಂತೆ ಅವರದು, ಅದನ್ನು ತಪ್ಪೆನ್ನಲಾರೆ. ಆದರೂ ನಾನು ಮಕ್ಕಳ ಪಕ್ಷ.

ಮೊದಲಿಗೆ, ಅದು ಬರಿಯ ಇಗರ್ಜಿಯಲ್ಲ. ಅವ್ರಾಂಶ್ ಎಂಬ ಊರಿನ ಬಿಷಪ್ ಓಬೇರ್ 708ರಲ್ಲಿ ಅಲ್ಲಿ ಮೊದಲ ಪ್ರಾರ್ಥನಾ ಮಂದಿರ ಕಟ್ಟಿಸಿದನೆಂದು ಐತಿಹ್ಯ. 966ರಲ್ಲಿ ಬೆನೆಡಿಕ್ಟೈನ್ ಸನ್ಯಾಸಿಗಳು ಬಂದು ಮಠ ಹೂಡಿದರು. ಬಂಡೆಯ ನೆತ್ತಿಯ ಮೇಲಿನ ದೊಡ್ಡ ಚರ್ಚಿನ ಕೆಲಸ ಹನ್ನೊಂದನೆಯ ಶತಮಾನದ್ದು. ಅದರ ಪೂರ್ವಭಾಗ 1421ರಲ್ಲಿ ಕುಸಿದು ಬಿತ್ತು. ಪುನಃ ಕಟ್ಟಿ ಮುಗಿಸುವಷ್ಟರಲ್ಲಿ ಸುಮಾರು ನೂರು ವರ್ಷ ಕಳೆಯಿತು. ಫ್ರೆಂಚ್ ಕ್ರಾಂತಿಯ ನಂತರ ಇದೇ ಮಠ ಸೆರೆಮನೆಯಾಯಿತು. ಕೈದಿಗಳು ಬೃಹತ್ ಮರದ ಚಕ್ರದೊಳಗೆ ನಿಂತು ನಡೆಯುತ್ತ, ಕೆಳಗಿನಿಂದ ಸಾಮಾನುಗಳನ್ನು ಮೇಲೆಳೆಯಬೇಕಾಗಿತ್ತು. 1863ರಲ್ಲಿ ಸೆರೆಮನೆ ಮುಚ್ಚಿತು. 1966ರಲ್ಲಿ, ಸಾವಿರ ವರ್ಷ ತುಂಬಿದ ಸಂದರ್ಭಕ್ಕೆ, ಪ್ರಾರ್ಥನೆಯ ದನಿ ಮರಳಿ ಬಂದಿತು. ಇಷ್ಟು ಚರಿತ್ರೆಯನ್ನು ಎರಡು ಗಂಟೆಯಲ್ಲಿ ಫೋಟೋ ತೆಗೆದು ಮುಗಿಸಬಹುದೆಂದು ನನಗೆ ತೋರುವುದಿಲ್ಲ.

ಎರಡನೆಯದಾಗಿ, ಆ ದ್ವೀಪವನ್ನು ನೋಡುವುದೆಂದರೆ ಸಮುದ್ರವನ್ನೂ ನೋಡುವುದು. ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬಂದಾಗ ಉಬ್ಬರ ಹೆಚ್ಚೆಂದು ನಾನು ಕರಿಹಲಗೆಯ ಮೇಲೆ ಮೂರು ಗುಂಡುಗಳನ್ನು ಬರೆದು ತೋರಿಸಿದ್ದು ನನ್ನ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ನೆನಪಿದ್ದೀತು. ಆ ಕೊಲ್ಲಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವಣ ಅಂತರ, ಅತಿ ದೊಡ್ಡ ಉಬ್ಬರದ ದಿನಗಳಲ್ಲಿ, 14 ಮೀಟರಿನಷ್ಟಿರುತ್ತದೆ. ಯುರೋಪಿನಲ್ಲೇ ಇಂತಹ ಸ್ಥಳಗಳು ವಿರಳ. ಬೆಳಿಗ್ಗೆ ಮೈಲಿಗಟ್ಟಲೆ ಮರಳು, ಸಂಜೆ ಸುತ್ತಲೂ ನೀರು. ನೀರು ಏರಿ ಇಳಿಯುವ ಒಂದು ಆವರ್ತಕ್ಕೆ ಹನ್ನೆರಡು ಗಂಟೆಗೂ ಮಿಕ್ಕಿ ಬೇಕು. ಮಧ್ಯಾಹ್ನ ಬಂದು ಸಂಜೆಗೆ ಹೊರಡುವವನಿಗೆ ಅರ್ಧ ಪಾಠವಷ್ಟೇ ದಕ್ಕುತ್ತದೆ. ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಜನ ಬರುವ ಆ ಕಿರಿದಾದ ಬೀದಿಯಲ್ಲಿ ಬಹುತೇಕರು ಹೀಗೆಯೇ ಬಂದು ಹೋಗುವವರು. ಕತ್ತಲಾದ ಮೇಲೆ ಉಳಿದವರಿಗೆ ಮಾತ್ರ ಬೀದಿಯ ನಿಶ್ಶಬ್ದ ಕೇಳಿಸೀತು.

ಮೂರನೆಯ ಕಾರಣವೇ ನನಗೆ ಮುಖ್ಯವಾದುದು. 1879ರಲ್ಲಿ ದಡದಿಂದ ದ್ವೀಪಕ್ಕೆ ಗಟ್ಟಿಯಾದ ಏರಿ ಹಾಕಿ ರಸ್ತೆ ಮಾಡಿದರು. ಹೋಗಿಬರಲು ಅನುಕೂಲವಾಯಿತು. ಆದರೆ ಏರಿಯು ನೀರಿನ ಹರಿವಿಗೆ ಅಡ್ಡವಾಗಿ, ಅದರ ಎರಡೂ ಬದಿಯಲ್ಲಿ ಹೂಳು ತುಂಬುತ್ತ ಬಂದಿತು. ನಮ್ಮ ಕೆರೆಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದ್ವೀಪ ದ್ವೀಪವಾಗಿಯೇ ಉಳಿಯಲಾರದೆಂಬ ಭಯ ಹುಟ್ಟಿತು. ಆಗ ಅವರು ದಾರಿಯನ್ನು ಮುಚ್ಚಲಿಲ್ಲ, ಬದಲಿಸಿದರು. ಉಬ್ಬರದ ನೀರನ್ನು ಹಿಡಿದಿಟ್ಟು ಇಳಿತದಲ್ಲಿ ಬಿಟ್ಟು ಮರಳನ್ನು ತಳ್ಳಲೆಂದು ಕ್ವೆನೋಂ ನದಿಗೆ 2009ರಲ್ಲಿ ಹೊಸ ಅಣೆಕಟ್ಟು ಬಂದಿತು. 2014ರಲ್ಲಿ ಕಂಬಗಳ ಮೇಲೆ ನಿಂತ ಸೇತುವೆ ತೆರೆಯಿತು. ಹಳೆಯ ಏರಿಯನ್ನು ಅಗೆದು ತೆಗೆದರು. 2015ರ ಮಾರ್ಚ್ ತಿಂಗಳ ಮಹಾ ಉಬ್ಬರದಲ್ಲಿ ನೀರು ದ್ವೀಪವನ್ನು ಪೂರ್ತಿ ಸುತ್ತುವರಿಯಿತು.

ದಾಂಪತ್ಯದಲ್ಲಿಯೂ ಹಾಗೆಯೇ ಅಲ್ಲವೇ? ಇಬ್ಬರ ನಡುವೆ ಅನುಕೂಲದ ಏರಿ ಹಾಕಿಕೊಳ್ಳುವುದು ಸುಲಭ: ಬಾಡಿಗೆ ಯಾರು ಕಟ್ಟುವುದು, ತರಕಾರಿ ಯಾರು ತರುವುದು, ಊರಿಗೆ ಯಾವ ದಿನ ಫೋನು ಮಾಡುವುದು. ಎಲ್ಲವೂ ನಡೆಯುತ್ತದೆ, ಆದರೆ ಆಡದೆ ಉಳಿದ ಮಾತುಗಳ ಹೂಳು ಸದ್ದಿಲ್ಲದೆ ಸೇರುತ್ತದೆ. ಮೂರು ತಿಂಗಳಿನಲ್ಲಿ ತುಂಬಿದ್ದನ್ನು ಎರಡು ದಿನದಲ್ಲಿ ತೆಗೆಯಬಹುದು. ಮೂವತ್ತು ವರ್ಷ ತುಂಬಿದ್ದನ್ನು ತೆಗೆಯುವುದು ಕಷ್ಟವೆಂದು ನನ್ನ ಓರಗೆಯವರಲ್ಲಿ ಹಲವರು ಬಲ್ಲರು. ಆದ್ದರಿಂದ ಈ ಎರಡು ದಿನದ ಖರ್ಚನ್ನು ನಾನು ದುಂದೆನ್ನಲಾರೆ.

ದ್ವೀಪದೊಳಗಿನ ಕೊಠಡಿಗಳು ದುಬಾರಿ ಎನಿಸಿದರೆ ದಡದಲ್ಲಿ ತಂಗಿ ಸೇತುವೆಯ ಮೇಲೆ ನಡೆದೇ ಹೋಗಲಿ. ಹೊರಡುವ ಮುನ್ನ ಉಬ್ಬರದ ವೇಳಾಪಟ್ಟಿ ನೋಡಿಕೊಳ್ಳಲಿ. ಮರಳಿಗೆ ಇಳಿಯುವುದಾದರೆ ಮಾರ್ಗದರ್ಶಕನಿಲ್ಲದೆ ಹೆಜ್ಜೆಯಿಡದಿರಲಿ. ಅಲ್ಲಿ ಹುದುಲೂ ಉಂಟು, ನೀರು ಬರುವ ವೇಗವೂ ಹೆಚ್ಚು. ಮಠಕ್ಕೆ ಏರುವ ಮುನ್ನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಅವಸರಪಡದೆ ಹತ್ತಲಿ. ಹಿರಿಯರಾದ ನಾವು ಮಾಡಬೇಕಾದುದು ಒಂದೇ: ಆ ಎರಡು ದಿನ ಅವರಿಗೆ ಫೋನು ಮಾಡದೆ ಇರುವುದು.