ಯೋಧರ ಮನೆ: ಜಾಮೀನು ಸರಕಾರದ್ದು, ಕಾವಲು ಯಾರದ್ದು?

ಸೇನೆಯಿಂದ ಮರಳಿದ ಯೋಧನಿಗೆ ಸ್ವಂತ ಸೂರೊಂದು ದೊರೆಯಬೇಕೆಂಬ ಆಶಯದಿಂದ ಅಮೆರಿಕವು ಎಂಟು ದಶಕಗಳ ಹಿಂದೆ ಆರಂಭಿಸಿದ ಗೃಹಸಾಲ ಯೋಜನೆಯು ಇತ್ತೀಚಿನ ವರುಷಗಳಲ್ಲಿ ತೀವ್ರ ಚರ್ಚೆಗೆ ಗುರಿಯಾಗಿದೆ. ಯೋಜನೆಯ ಉದ್ದೇಶದ ಬಗ್ಗೆ ಯಾರಿಗೂ ತಕರಾರಿಲ್ಲ. ಅದರ ಮೇಲೆ ಸರಕಾರವು ಇರಿಸಿದ ನಿಗಾ ಸಾಲದು ಎಂಬುದೇ ಚರ್ಚೆಯ ತಿರುಳು.

1944ರ ಜೂನ್ 22ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರು ಸಹಿ ಹಾಕಿದ, 'ಜಿ.ಐ. ಬಿಲ್' ಎಂದು ಹೆಸರಾದ ಕಾಯಿದೆಯೇ ಈ ಯೋಜನೆಯ ಮೂಲ. ಇಲ್ಲಿ ಸಾಲ ನೀಡುವುದು ಹೆಚ್ಚಾಗಿ ಖಾಸಗಿ ಬ್ಯಾಂಕುಗಳು ಮತ್ತು ಸಾಲ ಸಂಸ್ಥೆಗಳು. ಸಾಮಾನ್ಯವಾಗಿ ಸಾಲದ ಶೇ. 25ರಷ್ಟಕ್ಕೆ ಮಾಜಿ ಸೈನಿಕರ ವ್ಯವಹಾರಗಳ ಇಲಾಖೆಯು ಜಾಮೀನು ನಿಲ್ಲುತ್ತದೆ. ಇದರಿಂದಾಗಿ ಯೋಧನು ಮುಂಗಡ ಹಣವಿಲ್ಲದೆಯೇ ಮನೆ ಕೊಳ್ಳಬಲ್ಲನು. ಆದರೆ ಜಾಮೀನು ಮೊದಲು ಕಾಯುವುದು ಸಾಲ ಕೊಟ್ಟವನನ್ನು. ಸಾಲ ಪಡೆದವನನ್ನು ಕಾಯಲು ಬೇರೆಯೇ ಕಾವಲು ಬೇಕಾಗುತ್ತದೆ.

ಈ ಕೊರತೆ ಆರಂಭದಲ್ಲೇ ಕಾಣಿಸಿಕೊಂಡಿತು. 1947ರಲ್ಲಿ ಮಿಸಿಸಿಪ್ಪಿ ರಾಜ್ಯದ ನಗರಗಳಲ್ಲಿ ನಡೆದ ಸಮೀಕ್ಷೆಯೊಂದರಂತೆ, ಇಲಾಖೆಯ ಜಾಮೀನುಳ್ಳ 3,200ಕ್ಕೂ ಹೆಚ್ಚು ಸಾಲಗಳಲ್ಲಿ ಕಪ್ಪು ಜನಾಂಗದ ಯೋಧರಿಗೆ ಸಂದದ್ದು ಕೇವಲ ಎರಡು. ಕಾಯಿದೆಯು ಬಣ್ಣವನ್ನು ಕೇಳಿರಲಿಲ್ಲ. ಸಾಲ ಕೊಡುವ ಬ್ಯಾಂಕು ಕೇಳಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ.

ಇಲಾಖೆಯ ಸ್ವಂತ ಲೆಕ್ಕಪತ್ರದಲ್ಲೂ ಲೋಪಗಳಿದ್ದವು. ಸೇವೆಯಿಂದಾಗಿ ಅಂಗವೈಕಲ್ಯಕ್ಕೆ ಒಳಗಾಗಿ ಪರಿಹಾರ ಪಡೆಯುವವರಿಗೆ ಸಾಲದ ಶುಲ್ಕದಿಂದ ವಿನಾಯಿತಿ ಇದೆ. ಆದರೂ 2012ರಿಂದ 2017ರವರೆಗೆ ವಿನಾಯಿತಿಗೆ ಅರ್ಹರಾದ ಸುಮಾರು 72,900 ಮಂದಿಯಿಂದ 28 ಕೋಟಿ ಡಾಲರಿಗೂ ಮಿಕ್ಕಿದ ಶುಲ್ಕ ವಸೂಲಾಗಿತ್ತೆಂದು ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯು 2019ರಲ್ಲಿ ಅಂದಾಜಿಸಿತು. ಈ ವಿಷಯ ಅಧಿಕಾರಿಗಳಿಗೆ 2014ರಿಂದಲೇ ತಿಳಿದಿತ್ತೆಂಬುದು ವರದಿಯ ಅತ್ಯಂತ ಕಟುವಾದ ಅಂಶ.

ಕೋವಿಡ್ ಕಾಲದ ಪ್ರಕರಣವು ಇನ್ನಷ್ಟು ಗಂಭೀರವಾದದ್ದು. 2020ರಲ್ಲಿ ಕಂತುಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಲು ಅವಕಾಶ ದೊರೆಯಿತು. ಬಾಕಿಯನ್ನು ಸಾಲದ ಕೊನೆಗೆ ಸೇರಿಸಬಹುದೆಂಬ ಭರವಸೆ ಹಲವರಿಗೆ ದೊರೆತಿತ್ತು. ಆದರೆ ಬಾಕಿಯನ್ನು ಮುಂದೂಡಲು ನೆರವಾಗುತ್ತಿದ್ದ ವ್ಯವಸ್ಥೆಯನ್ನು ಇಲಾಖೆಯು 2022ರ ಅಕ್ಟೋಬರಿನಲ್ಲಿ ಕೊನೆಗೊಳಿಸಿತು. ಬದಲಿ ವ್ಯವಸ್ಥೆ ಸಿದ್ಧವಿರಲಿಲ್ಲ. ಪರಿಣಾಮವಾಗಿ ಅನೇಕ ಕುಟುಂಬಗಳ ಮುಂದೆ ಉಳಿದದ್ದು ಎರಡೇ ದಾರಿ: ಬಾಕಿಯನ್ನೆಲ್ಲ ಇಡಿಗಂಟಾಗಿ ಕಟ್ಟುವುದು, ಇಲ್ಲವೇ ಏರಿದ ಬಡ್ಡಿದರದಲ್ಲಿ ಸಾಲವನ್ನು ಹೊಸದಾಗಿ ಬರೆಸಿಕೊಳ್ಳುವುದು. 2023ರ ನವೆಂಬರಿನಲ್ಲಿ ನ್ಯಾಷನಲ್ ಪಬ್ಲಿಕ್ ರೇಡಿಯೊ ಇದನ್ನು ಬಯಲಿಗೆಳೆಯಿತು. ಸಂಸತ್ತಿನ ಸದಸ್ಯರೂ ದನಿಯೆತ್ತಿದರು. ಆ ಬಳಿಕವೇ ಮನೆಗಳ ಜಪ್ತಿಯನ್ನು ತಡೆಹಿಡಿಯುವಂತೆ ಇಲಾಖೆಯು ಸಾಲ ಸಂಸ್ಥೆಗಳನ್ನು ಕೇಳಿಕೊಂಡಿತು.

2024ರ ಮೇ ತಿಂಗಳಲ್ಲಿ ಇಲಾಖೆಯೇ ಕೆಟ್ಟ ಸಾಲಗಳನ್ನು ಕೊಂಡು, ಅವುಗಳನ್ನು ಶೇ. 2.5ರ ಸ್ಥಿರ ಬಡ್ಡಿಗೆ ಇಳಿಸುವ ಯೋಜನೆ ಜಾರಿಗೆ ಬಂತು. ತೆರಿಗೆದಾರರ ಹಣಕ್ಕೆ ಇದು ಅಪಾಯವೆಂದೂ ಸಂಸತ್ತಿನ ಅನುಮೋದನೆಯಿಲ್ಲವೆಂದೂ ಆಕ್ಷೇಪಗಳು ಎದ್ದವು. 2025ರ ಮೇ 1ರಂದು ಅದು ನಿಂತಿತು. ಬಾಕಿಯನ್ನು ಮುಂದೂಡುವ ಹಳೆಯ ಬಗೆಯ ಸೌಲಭ್ಯಕ್ಕೆ ಮರುಜೀವ ನೀಡುವ ಕಾಯಿದೆಗೆ ಅಧ್ಯಕ್ಷರ ಸಹಿ ಬಿದ್ದದ್ದು ಜುಲೈ 30ರಂದು.

ತೆರಿಗೆದಾರರ ಪರವಾದ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಬೊಕ್ಕಸದ ಹಣಕ್ಕೆ ಲೆಕ್ಕ ಕೇಳುವುದೂ ಮೇಲ್ವಿಚಾರಣೆಯೇ. ಆದರೆ ಹೊಸ ಸೇತುವೆ ಸಿದ್ಧವಾಗುವ ಮೊದಲೇ ಹಳೆಯದನ್ನು ಕೆಡಹುವ ತಪ್ಪು ಮೂರು ವರುಷಗಳೊಳಗೆ ಎರಡು ಬಾರಿ ನಡೆಯಿತು. ನಡುವೆ ಸಿಲುಕಿದವರಿಗೆ ತಡವಾಗಿ ಬಂದ ಕಾಯಿದೆ, ಕಳೆದುಹೋದ ಮನೆಯನ್ನು ಮರಳಿಸಲಾರದು.

ನಮ್ಮಲ್ಲೂ ಸೈನಿಕ ಕುಟುಂಬಗಳಿಗೆ ವಸತಿ ನೆರವಿದೆ. ಯುದ್ಧದಲ್ಲಿ ಮಡಿದವರ ಕುಟುಂಬಗಳಿಗೂ ಅಂಗವಿಕಲರಾದ ಯೋಧರಿಗೂ ಬ್ಯಾಂಕಿನ ಗೃಹಸಾಲದ ಬಡ್ಡಿಯಲ್ಲಿ ಒಂದು ಪಾಲನ್ನು ತುಂಬಿಕೊಡುವ ಯೋಜನೆಯನ್ನು ಕೇಂದ್ರೀಯ ಸೈನಿಕ ಮಂಡಳಿಯು ರೂಪಿಸಿದೆ. ಅಮೆರಿಕದ ಅನುಭವವು ನಮಗೂ ಪಾಠವಾಗಬೇಕು. ಸೌಲಭ್ಯವನ್ನು ಘೋಷಿಸಿದ ದಿನಕ್ಕೆ ಸರಕಾರದ ಹೊಣೆ ಮುಗಿಯದು. ಅದು ಅರ್ಹರ ಕೈ ಸೇರಿತೇ, ಸಂಕಷ್ಟದ ದಿನ ಉಳಿಯಿತೇ ಎಂದು ವಿಚಾರಿಸುವವರೆಗೂ ಆ ಹೊಣೆ ಚಾಚಿಕೊಂಡಿರುತ್ತದೆ. ಗಡಿಯನ್ನು ಕಾದವರ ಮನೆಬಾಗಿಲನ್ನು ಕಾಯುವುದು ದೇಶದ ಸರದಿ.