ಗೋಡೆಯ ಮೇಲಿನ ಶಜರಾ, ಉತಾರದಲ್ಲಿಲ್ಲದ ಸಹೋದರಿ

2024ರ ಅಕ್ಟೋಬರ್‌ನಲ್ಲಿ ತಿಕೋಟಾ ತಾಲೂಕಿನ ಹೊನವಾಡ ಗ್ರಾಮದ ಹೆಸರು ದೇಶದೆಲ್ಲೆಡೆ ಕೇಳಿಬಂತು. ಅಲ್ಲಿನ ಸುಮಾರು 1,200 ಎಕರೆ ಭೂಮಿ ವಕ್ಫ್ ಪಾಲಾಗುತ್ತಿದೆ ಎಂಬ ಗುಲ್ಲೆದ್ದು ರೈತರು ಬೀದಿಗಿಳಿದರು. ಅದರಿಂದ ರಾಜಕೀಯ ಫಸಲು ತೆಗೆಯಲು ಕಾದಿದ್ದವರು ತೆಗೆದೂ ಬಿಟ್ಟರು. ಜಿಲ್ಲಾ ಉಸ್ತುವಾರಿ ಸಚಿವ ಎಂ.ಬಿ. ಪಾಟೀಲರು ಆಗ ನೀಡಿದ ವಿವರಣೆ ಇದು: ಹೊನವಾಡದಲ್ಲಿ ವಕ್ಫ್ ಆಸ್ತಿ ಇರುವುದು 11 ಎಕರೆ ಮಾತ್ರ, 1974ರ ಗೆಜೆಟ್‌ನಲ್ಲಿ ವಿಜಯಪುರದ ಮಹಾಲ ಬಾಗಾಯತದ ಸರ್ವೆ ನಂಬರುಗಳೊಂದಿಗೆ ಹೊನವಾಡದ ಹೆಸರು ತಪ್ಪಾಗಿ ಸೇರಿಕೊಂಡಿತ್ತು, 1977ರಲ್ಲಿ ಅದನ್ನು ಸರಿಪಡಿಸಲಾಗಿತ್ತು. ಅಂದರೆ ತಪ್ಪೂ ಕಾಗದದಲ್ಲಿತ್ತು, ತಿದ್ದುಪಡಿಯೂ ಕಾಗದದಲ್ಲಿತ್ತು. ಎರಡನ್ನೂ ಒಟ್ಟಿಗೆ ಓದಿ ಸಕಾಲದಲ್ಲಿ ಬಾಯ್ತೆರೆದವರಿರಲಿಲ್ಲ. ಮರುತಿಂಗಳು ಸರಕಾರವು ನೋಟಿಸುಗಳನ್ನು ಹಿಂಪಡೆಯಲು ಆದೇಶಿಸಿತು. ಆದರೆ ಒಡೆದ ಮನಸ್ಸುಗಳನ್ನು ಹಿಂಪಡೆಯುವ ಆದೇಶವನ್ನು ಯಾವ ಸರಕಾರ ತಾನೇ ಹೊರಡಿಸೀತು?

ದ್ವೇಷದ ವ್ಯಾಪಾರಿಗಳಿಗೆ ಉತ್ತರ ಕೊಡುವ ಕೆಲಸ ಇದ್ದೇ ಇದೆ. ಇಂದಿನ ಪ್ರಶ್ನೆ ನಮ್ಮ ಮನೆಯೊಳಗಿನದು. ಸಮುದಾಯದ ಆಸ್ತಿಯ ಕಾಗದಗಳನ್ನು ಓದದ ನಾವು ನಮ್ಮ ಸ್ವಂತ ಕುಟುಂಬದ ಕಾಗದಗಳನ್ನಾದರೂ ಓದಿದ್ದೇವೆಯೇ?

ವಿಜಯಪುರದಲ್ಲಿ ವಂಶದ ಹೆಮ್ಮೆಗೆ ಬರಗಾಲವಿಲ್ಲ. ಆದಿಲ್‌ಶಾಹಿ ದರಬಾರಿನ ಸರದಾರನೊಬ್ಬ, ಅರಬ್ ದೇಶದಿಂದ ಬಂದ ಸೂಫಿಯೊಬ್ಬ ಬಹುತೇಕ ಪ್ರತಿ ಮನೆಯ ಮಾತಿನಲ್ಲೂ ಇದ್ದಾರೆ. ಚೌಕಟ್ಟು ಹಾಕಿಸಿದ ಶಜರಾ ಗೋಡೆಯ ಮೇಲಿರುತ್ತದೆ, ನಿಕಾಹ್ ಮಾತುಕತೆಯ ಹೊತ್ತಿಗೆ ಅದರ ಧೂಳು ಒರೆಸಲಾಗುತ್ತದೆ. ಆದರೆ ಮುತ್ತಜ್ಜನ ತಾಯಿಯ ಹೆಸರೇನೆಂದು ಕೇಳಿ ನೋಡಿ, ಮನೆಯಲ್ಲಿ ಮೌನ. ಅಮೆರಿಕದ ಇತಿಹಾಸಕಾರ ರಿಚರ್ಡ್ ಈಟನ್ ಬಿಜಾಪುರದ ಸೂಫಿಗಳ ಕುರಿತ ತಮ್ಮ ಗ್ರಂಥವನ್ನು 1978ರಲ್ಲಿ ಪ್ರಕಟಿಸಿದರು. ದರ್ಗಾಗಳಿಗೆ ಸಂದ ಇನಾಮು ಭೂಮಿಯಿಂದ ಪೀರ್‌ಜಾದೆ ಮನೆತನಗಳು ಹೇಗೆ ಭೂಮಾಲೀಕರಾದವು ಎಂಬುದನ್ನು ಅವರು ಅದರಲ್ಲಿ ಚರ್ಚಿಸಿದ್ದಾರೆ. ಸಾಗರದಾಚೆಯ ವಿದ್ವಾಂಸರಿಗೆ ಇತಿಹಾಸವಾಗಿ ಕಂಡದ್ದು ನಮಗೆ ಕೇವಲ ಕೋರ್ಟಿನ ಸಾಮಗ್ರಿಯಾಗಿ ಕಾಣುತ್ತಿದೆ.

ನಿಜವಾದ ಶಜರಾ ಇರುವುದು ಕಂದಾಯ ಇಲಾಖೆಯ ಕಪಾಟಿನಲ್ಲಿ. ಇಂದಿನ ಉತಾರವನ್ನು ಕೈಯಲ್ಲಿ ಹಿಡಿದು ನೋಡಿರಿ. ಅದರಲ್ಲಿ ಹಕ್ಕು ಬದಲಾವಣೆಯ ನಂಬರು ಇರುತ್ತದೆ. ಆ ನಂಬರಿನ ನೋಂದಣಿಯನ್ನು ತೆಗೆಸಿದರೆ ಭೂಮಿ ಯಾರಿಂದ ಯಾರಿಗೆ ಬಂತು, ವಾರಸಾದಿಂದಲೋ ವಾಟ್ನಿಯಿಂದಲೋ ಖರೇದಿಯಿಂದಲೋ ಎಂಬುದು ಕಾಣುತ್ತದೆ. ಅದು ಅದರ ಹಿಂದಿನದಕ್ಕೆ ದಾರಿ ತೋರಿಸುತ್ತದೆ. ‘ಭೂಮಿ’ ಯೋಜನೆಯ ಗಣಕೀಕರಣಕ್ಕಿಂತ ಹಿಂದಿನದು ಕೈಬರಹದ ಉತಾರ. ಮುಂಬಯಿ ಪ್ರಾಂತದಲ್ಲಿ ಹಕ್ಕುದಾಖಲೆಯ ಪದ್ಧತಿ 1903ರ ಕಾಯ್ದೆಯಿಂದ ಆರಂಭವಾಯಿತು. ತಿಕೋಟಾ, ಬಬಲೇಶ್ವರಗಳು ತಾಲೂಕುಗಳಾದದ್ದು 2018ರಲ್ಲಿ. ಆದ್ದರಿಂದ ಆ ಊರುಗಳ ಹಳೆಯ ಕಾಗದಗಳನ್ನು ಬಿಜಾಪುರ ತಾಲೂಕಿನ ಹೆಸರಿನಲ್ಲೇ ಹುಡುಕಬೇಕು. ನಗರದ ಮನೆಗಳಿಗೆ ಸಿಟಿ ಸರ್ವೆ ಉತಾರವಿದೆ. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಎರಡು ಸೂಚಿಗಳಿರುತ್ತವೆ. ಒಂದು ವ್ಯಕ್ತಿಗಳ ಹೆಸರಿನದು, ಇನ್ನೊಂದು ಆಸ್ತಿಯದು. ಸರ್ವೆ ನಂಬರು ಗೊತ್ತಿಲ್ಲದವನಿಗೂ ಅಜ್ಜನ ಹೆಸರಾದರೂ ಗೊತ್ತಿದ್ದರೆ ಬಾಗಿಲು ತೆರೆದುಕೊಳ್ಳುತ್ತದೆ.

ಈ ಕಾಗದಗಳು ಸರದಾರರನ್ನು ತೋರಿಸುವುದು ಕಡಿಮೆ. ಮುಲ್ಲಾ, ಮುಜಾವರ, ಖತೀಬ, ಕಾಜಿ, ಇನಾಮದಾರ ಮುಂತಾದ ಅಡ್ಡಹೆಸರುಗಳು ಎಲ್ಲಿಂದ ಬಂದವೆಂಬುದನ್ನು ಅವು ಹೇಳುತ್ತವೆ. ಮಸೀದಿಯ ಸೇವೆಗೆಂದು ಬಿಟ್ಟ ಭೂಮಿ ಯಾವಾಗ ಮನೆಯ ಸ್ವಂತ ಭೂಮಿಯಾಯಿತೆಂಬ ಮುಜುಗರದ ಸಂಗತಿಯನ್ನೂ ಹೇಳಿಯಾವು. ಬಾಗವಾನನೋ ನದಾಫನೋ ಆಗಿದ್ದ ಹಿರಿಯನೊಬ್ಬ ಬೆವರು ಸುರಿಸಿ ಎರಡೆಕರೆ ಖರೇದಿ ಮಾಡಿದ್ದು ಸಿಕ್ಕರೆ ಅದು ನಾಚಿಕೆಯೇ? ನನ್ನ ಪ್ರಕಾರ ಅದು ದರಬಾರಿನ ಕಲ್ಪಿತ ಸರದಾರನಿಗಿಂತ ದೊಡ್ಡ ಗೌರವ.

ಈ ದಾಖಲೆಗಳನ್ನು ತೆರೆಯಲು ನಮ್ಮಲ್ಲಿ ಅನೇಕರು ಅಂಜುವ ಕಾರಣ ಮಾತ್ರ ಬೇರೆ. ತಂದೆಯ ಮರಣಾನಂತರದ ವಾರಸಾ ನೋಂದಣಿಯನ್ನು ಓದಿರಿ. ಗಂಡುಮಕ್ಕಳ ಹೆಸರುಗಳು ಸಾಲಾಗಿರುತ್ತವೆ, ಕೆಲವೊಮ್ಮೆ ವಿಧವೆಯ ಹೆಸರು. ಹೆಣ್ಣುಮಕ್ಕಳು? ಒಂದೋ ಅವರು ಹುಟ್ಟಿಯೇ ಇರಲಿಲ್ಲವೆಂಬಂತೆ ಮಾಯವಾಗಿರುತ್ತಾರೆ, ಇಲ್ಲವೇ ಹಕ್ಕು ಬಿಟ್ಟ ಪತ್ರದ ಕೆಳಗೆ ಹೆಬ್ಬೆಟ್ಟಾಗಿ ಉಳಿದಿರುತ್ತಾರೆ. ಆಕ್ಷೇಪಣೆಗೆ ಅವಧಿ ಇತ್ತು, ಯಾರೂ ತಕರಾರು ಮಾಡಲಿಲ್ಲ ಎಂದು ನೋಂದಣಿ ಪಕ್ಕಾ ಆಗುತ್ತದೆ. ತವರಿನ ಬಾಗಿಲು ಮುಚ್ಚೀತೆಂಬ ಭಯದಲ್ಲಿರುವ ಸಹೋದರಿ ತಹಶೀಲ್ದಾರರ ಮುಂದೆ ತಕರಾರು ಮಾಡುವುದೆಂದರೇನು?

ಪವಿತ್ರ ಕುರ್‌ಆನ್ ಸೂರಃ ಅನ್ನಿಸಾದ 7ನೇ ಮತ್ತು 11ನೇ ವಚನಗಳಲ್ಲಿ ಹೆಣ್ಣಿನ ಪಾಲನ್ನು ನಿಗದಿಪಡಿಸಿದೆ. ಅದು ಅಣ್ಣನ ಔದಾರ್ಯವಲ್ಲ. 24 ಎಕರೆ ಬಿಟ್ಟು ತೀರಿಕೊಂಡವನಿಗೆ ಪತ್ನಿ, ಇಬ್ಬರು ಪುತ್ರರು, ಇಬ್ಬರು ಪುತ್ರಿಯರು ವಾರಸುದಾರರೆಂದಿಟ್ಟುಕೊಳ್ಳಿ. ಸಾಲ, ವಸಿಯ್ಯತ್ ಕಳೆದ ಮೇಲೆ ಪತ್ನಿಗೆ 3 ಎಕರೆ, ಪುತ್ರರಿಗೆ ತಲಾ 7 ಎಕರೆ, ಪುತ್ರಿಯರಿಗೆ ತಲಾ 3 ಎಕರೆ 20 ಗುಂಟೆ. ಲೆಕ್ಕ ಇಷ್ಟು ಸರಳ. ತಲಾಖಿನ ಚರ್ಚೆ ಬಂದಾಗ ಶರೀಅತ್ ಅಪಾಯದಲ್ಲಿದೆಯೆಂದು ಮೈದಾನ ತುಂಬಿಸುವ ನಾವು ಈ 3 ಎಕರೆ 20 ಗುಂಟೆಯ ವಿಷಯದಲ್ಲಿ ತಲಾಟಿಯ ಬಳಿ ಯಾವ ಶರೀಅತ್ ಒಯ್ದೆವು?

“ಅವಳೇ ಖುಷಿಯಿಂದ ಬಿಟ್ಟುಕೊಟ್ಟಳು” ಎಂಬ ಉತ್ತರ ಸಿದ್ಧವಿದೆ. ಖುಷಿಯಿಂದ ಬಿಟ್ಟುಕೊಡಬೇಕಾದರೆ ಮೊದಲು ಕೈಗೆ ಬಂದಿರಬೇಕು. “ಮದುವೆಗೆ ಖರ್ಚು ಮಾಡಿದ್ದೇವೆ” ಎನ್ನುತ್ತಾರೆ. ತಮ್ಮನ ವಲೀಮಾದ ಖರ್ಚನ್ನು ಅವನ ಪಾಲಿನಿಂದ ಕಳೆದವರುಂಟೇ? ಮಳೆಯನ್ನು ನಂಬಿದ ಮಡ್ಡಿ ಹೊಲಕ್ಕೆ ಬೆಲೆಯಿಲ್ಲದಿದ್ದ ಕಾಲದಲ್ಲಿ ಒತ್ತಿಸಿಕೊಂಡ ಹೆಬ್ಬೆಟ್ಟು ಇಂದು ಬೇರೆಯೇ ತೂಕದ್ದು. ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಹರಿದ, ದ್ರಾಕ್ಷಿ ಬೆಳೆಯುವ ಸೀಮೆ ಇದು.

ಖೈಬರ್‌ನ ತಮ್ಮ ಭೂಮಿಯನ್ನು ಹಝ್ರತ್ ಉಮರ್(ರ)ರು ಪ್ರವಾದಿವರ್ಯರ(ಸ) ಸಲಹೆಯಂತೆ ವಕ್ಫ್ ಮಾಡಿದರು. ಅದನ್ನು ಬರಹದಲ್ಲಿಟ್ಟರು. ಸುನನ್ ಅಬೂದಾವೂದ್‌ನ ವರದಿಯಂತೆ ಆ ಪತ್ರದಲ್ಲಿ ಉಸ್ತುವಾರಿಗೆ ಮೊದಲು ಸೂಚಿಸಲಾದ ಹೆಸರು ಮಗಳು ಹಫ್ಸಾ(ರ) ಅವರದು. ಇಸ್ಲಾಮೀ ಇತಿಹಾಸದ ಪ್ರಸಿದ್ಧ ಭೂದಾಖಲೆಯೊಂದರಲ್ಲಿ ಮಗಳ ಹೆಸರಿದೆ, ನಮ್ಮ ಉತಾರಗಳಲ್ಲಿಲ್ಲ!

ಹೆಸರು ಬಿಟ್ಟುಹೋದ ಮಾತ್ರಕ್ಕೆ ಹಕ್ಕು ಅಳಿಯುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಕಂದಾಯ ದಾಖಲೆಯು ಒಡೆತನವನ್ನು ಸೃಷ್ಟಿಸುವುದಿಲ್ಲ. ಮುಸ್ಲಿಮ್ ಕಾನೂನಿನಲ್ಲಿ ಮರಣದ ಕ್ಷಣದಲ್ಲೇ ವಾರಸುದಾರರ ಪಾಲು ಅವರದಾಗುತ್ತದೆ. ಆದ್ದರಿಂದ ಹಳೆಯ ಉತಾರವನ್ನು ಮೊದಲು ಹುಡುಕಬೇಕಾದವರು ನಮ್ಮ ಪದವೀಧರ ಹೆಣ್ಣುಮಕ್ಕಳು. ಅಜ್ಜಿಯ ಬಳಿ ಕುಳಿತು ಹೆಸರುಗಳನ್ನು ಬರೆದುಕೊಳ್ಳುವ ಕೆಲಸ ಅವರಿಂದಲೇ ಆದೀತು. ಕಾಗದದಲ್ಲಿಲ್ಲದ ಹೆಣ್ಣುಗಳೆಲ್ಲ ಅಜ್ಜಿಯ ನೆನಪಿನಲ್ಲಿದ್ದಾರೆ.

2025ರಲ್ಲಿ ಸರಕಾರವು ಮೃತರ ಹೆಸರಿನಲ್ಲೇ ಉಳಿದಿರುವ ಉತಾರಗಳನ್ನು ವಾರಸುದಾರರಿಗೆ ವರ್ಗಾಯಿಸುವ ಇ-ಪೌತಿ ಆಂದೋಲನವನ್ನು ಆರಂಭಿಸಿತು. ಪೌತಿ ಖಾತೆಗೆ ವಂಶವೃಕ್ಷ ಬೇಕು. ಆ ವಂಶವೃಕ್ಷವನ್ನು ಹೇಳಿ ಬರೆಸುವವರು ಕುಟುಂಬದವರೇ. ತಿಕೋಟಾದಲ್ಲಾಗಲಿ ಬಬಲೇಶ್ವರದಲ್ಲಾಗಲಿ ಅಜ್ಜನ ಹೆಸರಿನ ಉತಾರ ಯಾರ ಮನೆಯಲ್ಲಿದೆಯೋ ಅವರು ಅರ್ಜಿಗೆ ಸಹಿ ಹಾಕುವ ಮುನ್ನ ಫೂಫಿಯರ ಹೆಸರುಗಳನ್ನು ಎಣಿಸಿಕೊಳ್ಳಲಿ. ಮೊಹಲ್ಲಾದ ಖತೀಬರು ಮುಂದಿನ ಜುಮಾದಂದು ಅದನ್ನೇ ಕೇಳಲಿ.